ದಫ್ತರದ ಆಟ: ಕೊಡಗಿನ ವಸಾಹತು ಕಾಲವನ್ನು ಮೇಜಿನ ಮೇಲೆ ಆಡುವ ಬಗೆ

ವಸಾಹತುಶಾಹಿಯ ಮೇಲೆ ರೋಲ್‌ಪ್ಲೇಯಿಂಗ್ ಆಟ ಕಟ್ಟಲು ಹೊರಟವರು ಸಾಮಾನ್ಯವಾಗಿ ಕೋವಿ, ಕತ್ತಿ, ಕೆಂಪು ಕೋಟಿನ ಸಿಪಾಯಿಗಳಿಂದ ಶುರುಮಾಡುತ್ತಾರೆ. ಕೊಡಗಿನ ಮಟ್ಟಿಗೆ ಅದು ಬೇಗ ಮುಗಿದುಹೋಗುವ ಆಟ. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್ ಜತೆಗಿದ್ದ ಪಡೆ ಮಡಿಕೇರಿ ಸೇರಿತು, ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಶರಣಾದ, ಮೇ ತಿಂಗಳಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯದೆಂದು ಘೋಷಣೆ ಹೊರಬಿತ್ತು. ಯುದ್ಧಕ್ಕೆ ಕೆಲವೇ ವಾರ ಸಾಕಾಯಿತು. ಗದ್ದೆ, ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಳ ಎತ್ತರದ ಜಾಗ), ಕಾಡು, ಆಳು, ಕೋವಿ ಒಂದೊಂದೂ ಕಾಗದಕ್ಕೆ ಇಳಿದದ್ದು, ಇಳಿದ ಮೇಲೆ ಬೇರೆಯೇ ಆದದ್ದು ಆಮೇಲಿನ ದಶಕಗಳಲ್ಲಿ. ಹಾಗಾಗಿ ಇಲ್ಲಿ ವಿವರಿಸುವ ಆಟದಲ್ಲಿ ಮುಖ್ಯ ಆಯುಧ ಒಂದು ಲೆಕ್ಕದ ಪುಸ್ತಕ.

ಆಟಕ್ಕೆ ಆರು ಜನ ಬೇಕು. ಐದು ಮಂದಿ ಒಂದು ನಾಡಿನ, ಅಂದರೆ ಕೆಲವು ಊರುಗಳ ಗುಂಪಿನ, ಐದು ಮನೆಗಳಾಗುತ್ತಾರೆ, ಆರನೆಯವರು ದಫ್ತರ, ಅಂದರೆ ಬ್ರಿಟಿಷ್ ಆಡಳಿತದ ಕಚೇರಿ. ಒಟ್ಟು ನಾಲ್ಕು ಗಂಟೆ: ಮೊದಲ ಅರ್ಧ ಗಂಟೆ ತಯಾರಿ, ಅರ್ಧ ಅರ್ಧ ಗಂಟೆಯ ಆರು ಸುತ್ತು, ಕೊನೆಗೆ ಅರ್ಧ ಗಂಟೆ ಮಾತು. ನಾಲ್ಕೇ ಜನ ಸಿಕ್ಕರೆ ವ್ಯಾಪಾರಿಯನ್ನೂ ಜಮ್ಮಾ ಒಕ್ಕವನ್ನೂ (ಕಡಿಮೆ ತೆರಿಗೆಯ, ವಂಶಪಾರಂಪರ್ಯದ ಜಮ್ಮಾ ಭೂಮಿ ಇರುವ ಕೊಡವ ಮನೆತನ) ದಫ್ತರದವರೇ ನಡೆಸಬಹುದು. ಆದರೆ ಕೂಲಿಯ ಮನೆಯನ್ನು, ಅಂದರೆ ಜಮೀನಿದ್ದವರ ಗದ್ದೆಯಲ್ಲಿ ದುಡಿಯುವ ಕೆಂಬಟ್ಟಿ ಮನೆಯನ್ನು, ಮಾತ್ರ ಎಂದೂ ಬಿಡಬೇಡಿ. ಅದಿಲ್ಲದೆ ಆಡಿದರೆ ಜಮೀನಿದ್ದವರ ಕಷ್ಟಸುಖವಷ್ಟೇ ಉಳಿಯುತ್ತದೆ.

ಬೇಕಾದ ಸಾಮಾನು

ಭತ್ತದ ಲೆಕ್ಕಕ್ಕೆ ಹುಣಸೆ ಬೀಜ 100, ದುಡ್ಡಿಗೆ ಒಂದು ರೂಪಾಯಿ ನಾಣ್ಯ 40, ಪರಸ್ಪರ ನಂಬಿಕೆಗೆ ಕವಡೆ 20. ಆರು ಮುಖದ ದಾಳ ಎರಡು. ಒಂದು ಚಾರ್ಟ್ ಶೀಟು. ಉದ್ದನೆಯ, ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ ಒಂದು. ಐದು ಪೆನ್ಸಿಲು, ಒಂದೇ ಒಂದು ಪೆನ್ನು. ಮನೆಗಳಿಗೆ ಪೆನ್ಸಿಲು, ದಫ್ತರಕ್ಕೆ ಪೆನ್ನು. ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಶಾಯಿ ಬರಬಹುದು, ಶಾಯಿಯ ಮೇಲೆ ಪೆನ್ಸಿಲು ಬರಕೂಡದು, ರಬ್ಬರ್ ಮೇಜಿನ ಮೇಲೆ ಇರಲೇಕೂಡದು. ಮಳೆಗಾಲದಲ್ಲಿ ಆಡುವುದಾದರೆ ಬಾಲ್‌ಪಾಯಿಂಟ್ ಪೆನ್ನೇ ಇರಲಿ. ಜುಲೈ ತಿಂಗಳ ಕೊಡಗಿನ ತೇವಕ್ಕೆ ಇಂಕ್ ಪೆನ್ನಿನ ಬರಹ ಹರಡಿ ನಕ್ಷೆ ಓದಲಾಗದು. ಒಂದು ಕೆಂಪು ಕಾರ್ಡು ಕೂಡ ಬೇಕು, ಅದರ ಕೆಲಸ ಮುಂದೆ ಬರುತ್ತದೆ.

ನಾಡನ್ನು ಬರೆಯುವುದು

ಸಂಪಾಜೆ ಘಾಟಿಯ ಮೇಲ್ತುದಿಯಲ್ಲಿ ಒಂದು ಕಾಲ್ಪನಿಕ ನಾಡು ಇದೆಯೆಂದಿಟ್ಟುಕೊಳ್ಳಿ. ಹೆಸರು ನೀವೇ ಇಡಿ, ಆದರೆ ನಿಜವಾದ ಊರಿನದ್ದಾಗಲಿ, ನಿಜವಾದ ಒಕ್ಕದ ಹೆಸರಾಗಲಿ ಬೇಡ. ಕೊಡಗಿನಲ್ಲಿ ಯಾವ ಮೇಜಿನ ಸುತ್ತ ಕೂತರೂ ಆ ಮನೆತನಕ್ಕೆ ನೆಂಟರಾದವರು ಒಬ್ಬರಾದರೂ ಇರುತ್ತಾರೆ, ಆಟ ಅಲ್ಲಿಗೆ ನಿಂತು ಜಗಳವಾಗುತ್ತದೆ.

ಚಾರ್ಟ್ ಶೀಟಿನ ಮೇಲೆ ಪೆನ್ಸಿಲಿನಲ್ಲಿ 13 ಚೌಕ ಎಳೆಯಿರಿ: ಗದ್ದೆ ಆರು, ಕಾಡನ್ನು ನಂಬಿ ಬದುಕುವ ಕುಡಿಯರು ಬಳಸುವ ಕಾಡು ಮೂರು, ಬಾಣೆ ಎರಡು, ದೇವರಕಾಡು ಒಂದು, ಸಂತೆ ಒಂದು. ಗದ್ದೆಗಳಲ್ಲಿ ನಾಲ್ಕು ಘಟ್ಟದ ಮೇಲೆ, ಎರಡು ಕೆಳಗೆ ಸುಳ್ಯದ ಕಡೆ. ಪ್ರತಿ ಚೌಕಕ್ಕೂ ಅದನ್ನು ಬಳಸುವವರು ಒಂದೊಂದು ವಾಕ್ಯ ಬರೆಯಲಿ: ಯಾರು ಉಳುತ್ತಾರೆ, ಸೌದೆ ಸೊಪ್ಪು ಯಾರಿಗೆ, ದಾರಿ ಯಾರದು. ಈ ಹದಿನೈದು ನಿಮಿಷ ದಂಡ ಅಂತ ಓಡಿಸಬೇಡಿ. ಕಳೆದುಹೋಗುವುದು ಏನೆಂದು ಮೊದಲೇ ಬರೆದಿಡದಿದ್ದರೆ ಕಳೆದದ್ದು ಯಾರಿಗೂ ಕಾಣುವುದಿಲ್ಲ.

ಐದು ಮನೆಗಳ ಮೊದಲ ದಾಸ್ತಾನು ಹೀಗೆ:

ಜಮ್ಮಾ ಹಿಡುವಳಿಯ ಕೊಡವ ಒಕ್ಕ: ಬೀಜ 8, ರೂಪಾಯಿ 2, ಕವಡೆ 3. ಘಟ್ಟದ ಮೇಲಿನ ನಾಲ್ಕು ಗದ್ದೆ, ಎರಡು ಬಾಣೆ.
ಅರೆಭಾಷೆ ಗೌಡರ ಮನೆ: ಬೀಜ 5, ರೂಪಾಯಿ 1, ಕವಡೆ 3. ಘಟ್ಟದ ಕೆಳಗಿನ ಎರಡು ಗದ್ದೆ.
ಕೆಂಬಟ್ಟಿ ಮನೆ: ಬೀಜ 2, ರೂಪಾಯಿ ಇಲ್ಲ, ಕವಡೆ 4. ಭೂಮಿ ಇಲ್ಲ.
ಕುಡಿಯರ ಮನೆ: ಬೀಜ 3, ರೂಪಾಯಿ ಇಲ್ಲ, ಕವಡೆ 4. ಮೂರು ಕಾಡು.
ಮಡಿಕೇರಿ ಪೇಟೆಯ ಮಾಪಿಳ್ಳೆ ವ್ಯಾಪಾರಿ: ಬೀಜ 2, ರೂಪಾಯಿ 6, ಕವಡೆ 2.

ಉಳಿದ ಬೀಜ, ನಾಣ್ಯ, ಕವಡೆ ದಫ್ತರದ ಪೆಟ್ಟಿಗೆಗೆ. ದಫ್ತರಕ್ಕೆ ಎಷ್ಟು ದುಡ್ಡಿದೆಯೆಂದು ಯಾರೂ ಎಣಿಸಕೂಡದು.

ಒಂದು ಸುತ್ತು ನಡೆಯುವ ಕ್ರಮ

ಮೊದಲು ಮಳೆ. ಒಂದು ದಾಳ ಹಾಕಿ. 1 ಬಿದ್ದರೆ ಆ ವರ್ಷ ನೆರೆ, ಗದ್ದೆಗೆ ಒಂದೇ ಬೀಜ. ಬೇರೇನು ಬಿದ್ದರೂ ಗದ್ದೆಗೆ ಎರಡು ಬೀಜ, ಕಾಡಿಗೆ ಒಂದು. ಜಮ್ಮಾ ಒಕ್ಕದ ನಾಲ್ಕು ಗದ್ದೆಯಲ್ಲಿ ಎರಡು ಕೆಂಬಟ್ಟಿ ಮನೆಯ ದುಡಿಮೆಯಿಂದಲೇ ಬೆಳೆಯುವುದು, ಅದಕ್ಕೆ ಎರಡು ಬೀಜ ಕೂಲಿ. ಆ ಮೇಲೆ ಊಟ: ಜಮ್ಮಾ ಒಕ್ಕಕ್ಕೆ ಮೂರು ಬೀಜ, ಉಳಿದ ಮನೆಗಳಿಗೆ ಎರಡೆರಡು. ಊಟಕ್ಕೆ ಸಾಲದ ಮನೆ ಬೇರೆ ಮನೆಗೆ ಒಂದು ಕವಡೆ ಕೊಟ್ಟು ಒಂದು ಬೀಜ ಕೇಳಬಹುದು. ಇಲ್ಲ ಎನ್ನುವ ಹಕ್ಕು ಕೇಳಿಸಿಕೊಂಡವರಿಗೆ ಇದೆ, ಆದರೆ ಹಾಗೆಂದರೆ ಅವರದೂ ಒಂದು ಕವಡೆ ದಫ್ತರದ ಪೆಟ್ಟಿಗೆಗೆ ಹೋಗುತ್ತದೆ.

ಊಟವಾದ ಮೇಲೆ ದಫ್ತರದವರು ಎದ್ದು ನಿಂತು ಆ ಸುತ್ತಿನ ನಿಯಮವನ್ನು ಓದುತ್ತಾರೆ. ಒಂದು ನಿಯಮ ಇತಿಹಾಸದ್ದು, ಅದು ಕೆಳಗಿದೆ. ಇನ್ನೊಂದು ಅವರದೇ, ಆ ಸುತ್ತಿನಲ್ಲಿ ಬಂದ ದೂರು ಅಥವಾ ಗಲಾಟೆಗೆ ಉತ್ತರವಾಗಿ ಬರೆದದ್ದು, ‘ಇನ್ನು ಮುಂದೆ’ ಎಂದು ಶುರುವಾಗುವ ಒಂದೇ ವಾಕ್ಯ. ಪುಸ್ತಕ ಓದಲು ಬರುವುದು ವ್ಯಾಪಾರಿಗೂ ಜಮ್ಮಾ ಒಕ್ಕದ ಹಿರಿಯರಿಗೂ ಮಾತ್ರ. ಮಿಕ್ಕವರು ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಳ್ಳಬೇಕು, ಇಲ್ಲವೇ ಈ ಇಬ್ಬರನ್ನು ಕೇಳಬೇಕು. ಓದಿದವರು ಸುಳ್ಳು ಹೇಳಬಹುದು.

ಅನಂತರ ದೃಶ್ಯಗಳು. ಮನೆಗೊಂದು, ಮೂರು ನಿಮಿಷ ಮೀರದ ಹಾಗೆ. ಯಾರ ಮನೆಗೆ ಹೋಗುತ್ತೀರಿ, ಏನು ಕೇಳುತ್ತೀರಿ ಎಂದು ಹೇಳಿ, ಪಾತ್ರದಲ್ಲೇ ಮಾತಾಡಿ. ಉದಾಹರಣೆಗೆ ಎರಡನೇ ಸುತ್ತಿನ ಒಂದು ದೃಶ್ಯ ಹೀಗಿರಬಹುದು:

“ಗೌಡ್ರೇ, ತೆರಿಗೆ ಒಂದು ಕಾಸೂ ಏರಿಸಿಲ್ಲ. ರೂಪಾಯಲ್ಲಿ ಕಟ್ಟಿ ಅಂದಿದ್ದೇವೆ, ಅಷ್ಟೇ.”
“ಭತ್ತ ಬೆಳೆಯೋ ಗದ್ದೇಲಿ ರೂಪಾಯಿ ಎಲ್ಲಿಂದ ತರ್ಲಿ ಸ್ವಾಮಿ?”
“ಪೇಟೆಯಲ್ಲಿ ಸಾಹುಕಾರರು ಇದ್ದಾರಲ್ಲ.”

ಕೊನೆಗೆ ತೆರಿಗೆ. ಜಮ್ಮಾ ಹಿಡುವಳಿಯ ದರ ಸಾಗು ಹಿಡುವಳಿಯ (ಪೂರ್ತಿ ತೆರಿಗೆಯ ಸಾಮಾನ್ಯ ಹಿಡುವಳಿ) ಅರ್ಧ. ಇದು ಕಂಪನಿ ಹೊಸದಾಗಿ ತಂದದ್ದಲ್ಲ, ರಾಜರ ಕಾಲದಿಂದ ಬಂದದ್ದು. ಆದ್ದರಿಂದ ಜಮ್ಮಾ ಒಕ್ಕ ನಾಲ್ಕು ಗದ್ದೆಗೆ ಎರಡು ಬೀಜ ಕೊಡುತ್ತದೆ, ಗೌಡರ ಮನೆ ಎರಡೇ ಗದ್ದೆಗೆ ಎರಡು ಬೀಜ.

ಮಾಮೂಲಿ ದಿನದಲ್ಲಿ ಎರಡು ಬೀಜಕ್ಕೆ ಒಂದು ರೂಪಾಯಿ. ತೆರಿಗೆ ಹೊತ್ತಿನಲ್ಲಿ ಮಾರುವವರಿಗೆ ಮೂರು ಬೀಜ ಕೊಟ್ಟರೆ ಮಾತ್ರ ಒಂದು ರೂಪಾಯಿ, ಏಕೆಂದರೆ ಆಗ ಎಲ್ಲರೂ ಒಟ್ಟಿಗೇ ಮಾರಲು ಬಂದಿರುತ್ತಾರೆ. ವ್ಯಾಪಾರಿ ಹೆಚ್ಚುವರಿ ಬೀಜವನ್ನು ಘಟ್ಟದಾಚೆಗೆ ಕಳಿಸಿ ಎರಡಕ್ಕೆ ಒಂದರಂತೆ ದಫ್ತರದ ಪೆಟ್ಟಿಗೆಯಿಂದ ದುಡ್ಡು ಪಡೆಯಬಹುದು.

ಆರು ಸುತ್ತು, ಆರು ನಿಯಮ

1834. ದಫ್ತರದವರು ಪೆನ್ನಿನಿಂದ ನಕ್ಷೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಪುತ್ತೂರು, ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ್ದು ಈ ಹೊತ್ತಿನಲ್ಲಿ. ಗೌಡರ ಗದ್ದೆ ಈಗ ಬೇರೆ ಕಚೇರಿಯ ಕೆಳಗೆ ಬಂತು. ಈ ಸುತ್ತಿನಲ್ಲಿ ಇನ್ನೇನೂ ಆಗುವುದಿಲ್ಲ, ಆಗಲೂ ಬಾರದು.

1837. ಗೆರೆಯ ಕೆಳಗಿನ ತೆರಿಗೆ ಇನ್ನು ಮುಂದೆ ನಗದಿನಲ್ಲಿ, ಒಂದು ರೂಪಾಯಿ. ಲೆಕ್ಕ ನೋಡಿ: ಗೌಡರಿಗೆ ನಾಲ್ಕು ಬೀಜ ಬೆಳೆ, ಎರಡು ಊಟ, ಉಳಿದದ್ದು ಎರಡು. ಮೊನ್ನೆವರೆಗೆ ಆ ಎರಡರಲ್ಲೇ ತೆರಿಗೆ ಮುಗಿಯುತ್ತಿತ್ತು. ಈಗ ಒಂದು ರೂಪಾಯಿಗೆ ಮೂರು ಬೀಜ ಬೇಕು. ತೆರಿಗೆ ಏರಿಲ್ಲ ಎಂಬ ದಫ್ತರದ ಮಾತು ನಿಜ, ಮನೆಯಿಂದ ಪ್ರತಿವರ್ಷ ಒಂದು ಬೀಜ ಹೆಚ್ಚು ಹೋಗುವುದೂ ನಿಜ. ಇಡೀ ಆಟ ನಿಂತಿರುವುದು ಈ ಒಂದು ಬೀಜದ ಮೇಲೆ, ಅದನ್ನು ಯಾರೂ ವಿವರಿಸಿ ಹೇಳಬೇಡಿ. ಆಡುವವರಿಗೆ ತಾನಾಗಿ ತಿಳಿಯಲಿ. ಅನೇಕರು ನಗದು ತೆರಿಗೆಯ ಈ ಬದಲಾವಣೆಯನ್ನು ಇಡೀ ಕೊಡಗಿಗೆ ಹಚ್ಚುತ್ತಾರೆ. ಆ ವರ್ಷ ಸುಳ್ಯದ ಕಡೆ ಎದ್ದ ದಂಗೆಗೆ ಕಾರಣವಾದದ್ದು ಕೆನರಾಕ್ಕೆ ಸೇರಿದ ಸೀಮೆಯದ್ದು.

ದಂಗೆ ಏಳುವ ನಿಯಮವನ್ನೂ ಇಲ್ಲೇ ತೆರೆಯಿರಿ. ಎರಡು ದಾಳ ಹಾಕಿ, ಜತೆ ನಿಂತವರು ಇಟ್ಟ ಪ್ರತಿ ಕವಡೆಗೆ ಒಂದು ಸೇರಿಸಿ. ಹತ್ತು ಅಥವಾ ಮೇಲೆ ಬಂದರೆ ಒಂದು ನಿಯಮ ಒಂದು ಸುತ್ತಿನ ಮಟ್ಟಿಗೆ ನಿಲ್ಲುತ್ತದೆ. ಸೋತರೆ ದಂಗೆ ಕರೆದ ಮನೆಯ ಒಂದು ಚೌಕ ದಫ್ತರಕ್ಕೆ. ಚೌಕವಿಲ್ಲದ ಮನೆಯಾದರೆ ಎರಡು ಕವಡೆ. ಗೆಲ್ಲಲಿ ಸೋಲಲಿ, ದಂಗೆಗೆ ಇಟ್ಟ ಕವಡೆ ಮರಳುವುದಿಲ್ಲ. ಕವಡೆಯೇ ಇಲ್ಲದೆ ಗೆಲ್ಲುವ ಸಾಧ್ಯತೆ ಆರರಲ್ಲಿ ಒಂದು. ಮೂರು ಕವಡೆ ಇದ್ದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಐದು ಇದ್ದರೆ ಆರರಲ್ಲಿ ಐದು. ಆದರೆ ದಾಳ ಬೀಳುವ ಮುಂಚೆ ದಫ್ತರವು ಯಾವುದಾದರೂ ಒಂದು ಮನೆಗೆ ಗುಟ್ಟಾಗಿ ಒಂದು ಚೀಟಿ ಕೊಡಬಹುದು: ನಮ್ಮ ಪರ ನಿಂತರೆ ಒಂದು ಹೊಸ ಗದ್ದೆ. ಆ ಮನೆ ಒಪ್ಪಿದರೆ ಮೊತ್ತದಿಂದ ಎರಡು ಕಳೆಯಿರಿ.

ಇದನ್ನು ಸುಮ್ಮನೆ ಹೊಸೆದದ್ದಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯದಿಂದ ಹೊರಟವರು ಮಂಗಳೂರನ್ನೇ ಹಿಡಿದರು, ಎರಡು ವಾರದೊಳಗೆ ಸೋತರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು, ಭೂಮಿಯನ್ನೂ ಕೊಟ್ಟಿತು. ಚೀಟಿಯ ನಿಯಮ ತೆಗೆದುಹಾಕಿದರೆ ಆಟ ಹಗುರವಾಗುತ್ತದೆ, ಸುಳ್ಳೂ ಆಗುತ್ತದೆ.

1843. ಆ ವರ್ಷದ 5ನೇ ಕಾಯ್ದೆಯ ಪ್ರಕಾರ, ಮನುಷ್ಯರ ಮೇಲಿನ ಒಡೆತನದ ದಾವೆಯನ್ನು ಯಾವ ಕಚೇರಿಯೂ ಎತ್ತಿಹಿಡಿಯುವುದಿಲ್ಲ. ಕೆಂಬಟ್ಟಿ ಮನೆ ಈಗ ಒಕ್ಕವನ್ನು ಬಿಟ್ಟು ಹೋಗಬಹುದು. ಎಲ್ಲಿಗೆ? ನಕ್ಷೆಯಲ್ಲಿ ಅವರಿಗೆ ಒಂದು ಚೌಕವೂ ಇಲ್ಲ. ಸಾಮಾನ್ಯವಾಗಿ ಈ ಸುತ್ತಿನಲ್ಲಿ ಎರಡು ಬೀಜದ ಕೂಲಿಯನ್ನು ಮೂರಕ್ಕೆ ಏರಿಸುವ ಚೌಕಾಶಿ ನಡೆಯುತ್ತದೆ. ನಡೆಯಲಿ.

1854. ಮಡಿಕೇರಿಯ ಬಳಿ ಫೌಲರ್ ಎಂಬ ಬಿಳಿಯ ದೊರೆ ಕಾಫಿ ತೋಟ ತೆರೆದ ವರ್ಷ. ದಫ್ತರದವರು ಕುಡಿಯರ ಮೂರು ಕಾಡಿನಲ್ಲಿ ಎರಡಕ್ಕೆ ಶಾಯಿ ಬಳಿದು ‘ಎಸ್ಟೇಟು’ ಎಂದು ಬರೆಯುತ್ತಾರೆ. ಕುಡಿಯರು ಹಿಂದೆ ಆ ಚೌಕದಲ್ಲಿ ಬರೆದ ವಾಕ್ಯವನ್ನು ಅಳಿಸುವುದಿಲ್ಲ, ಅದರ ಮೇಲೆಯೇ ಬಳಿಯುತ್ತಾರೆ. ಎಸ್ಟೇಟಿಗೆ ದುಡಿಯಲು ಬರುವ ಮನೆಗೆ ಸುತ್ತಿಗೆ ಒಂದು ರೂಪಾಯಿ ಕೂಲಿ, ಮೂರು ರೂಪಾಯಿ ಮುಂಗಡ. ಮುಂಗಡ ಆಳುಗಳನ್ನು ಕರೆತರುವ ಮೇಸ್ತ್ರಿಯ ಕೈಯಿಂದ ಬರುತ್ತದೆ, ಮೇಸ್ತ್ರಿ ಒಂದು ಹಿಡಿದುಕೊಳ್ಳುತ್ತಾನೆ. ಕೈಗೆ ಸಿಗುವುದು ಎರಡು, ಪುಸ್ತಕದಲ್ಲಿ ಮೂರು. ಮೇಸ್ತ್ರಿಯ ಪಾತ್ರ ಬೇಕಾದವರು ಯಾರು ಬೇಕಾದರೂ ವಹಿಸಬಹುದು. ವ್ಯಾಪಾರಿಯೇ ಮೊದಲು ಕೈ ಎತ್ತುತ್ತಾರೆ. ಕೆಂಬಟ್ಟಿ ಮನೆ ಎಸ್ಟೇಟಿಗೆ ಹೋದರೆ ಜಮ್ಮಾ ಒಕ್ಕದ ಎರಡು ಗದ್ದೆ ಪಾಳು. ಒಕ್ಕವೂ ಮೂರು ರೂಪಾಯಿ ಹಾಕಿ ಒಂದು ಬಾಣೆಯಲ್ಲಿ ಕಾಫಿ ಇಡಬಹುದು, ಮುಂದಿನ ಸುತ್ತಿನಿಂದ ಎರಡು ರೂಪಾಯಿ ಬರುತ್ತದೆ. ಬಾಣೆಯ ಮರ ಉಳಿಸುತ್ತೀರೋ ಕಡಿಯುತ್ತೀರೋ ಎಂದು ಆಗಲೇ ಹೇಳಬೇಕು. ಕಡಿದರೆ ಮರ ಮಾರಿ ಒಂದು ರೂಪಾಯಿ ಹೆಚ್ಚು.

1860ರ ದಶಕ. ಮೂರು ಸಂಗತಿ ಒಟ್ಟಿಗೆ. ಒಂದು, 1859ರ 13ನೇ ಕಾಯ್ದೆ: ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಮ್ಯಾಜಿಸ್ಟ್ರೇಟರು ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಆಟದಲ್ಲಿ ಇದಕ್ಕೆ ದಾಳ ಇಲ್ಲ. ಹೆಸರು ಪುಸ್ತಕದಲ್ಲಿದ್ದು ಎಸ್ಟೇಟು ಬಿಟ್ಟರೆ ಒಂದು ಸುತ್ತು ಮೇಜು ಬಿಟ್ಟು ದೂರ ಕೂರಬೇಕು. ಎರಡು, 1861ರಲ್ಲಿ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ: ಜಮ್ಮಾ ಒಕ್ಕದ ಮುಂದೆ ಒಂದು ಕೋವಿಯ ಚೀಟಿ ಇಡಿ. ಮೂರು, ಕಾಂಡಕೊರಕ, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು. ಪ್ರತಿ ಕಾಫಿ ಚೌಕಕ್ಕೂ ಒಂದು ದಾಳ. ನೆರಳು ಉಳಿಸಿದ್ದರೆ 1 ಬಿದ್ದಾಗ ಮಾತ್ರ ಗಿಡ ಸಾಯುತ್ತದೆ, ಬಯಲು ಮಾಡಿದ್ದರೆ 1ರಿಂದ 4ರವರೆಗೆ ಏನು ಬಿದ್ದರೂ. ಬಿಳಿ ಕಾಂಡಕೊರಕ ಬಿಸಿಲು ಬೀಳುವ ಅರೇಬಿಕಾ ಗಿಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆಂಬುದು ಇವತ್ತಿನ ಬೆಳೆಗಾರರಿಗೂ ಗೊತ್ತು. ಎಸ್ಟೇಟನ್ನು ಬಯಲೆಂದೇ ಲೆಕ್ಕ ಹಿಡಿಯಿರಿ. ಎರಡೂ ಚೌಕದ ಗಿಡ ಸತ್ತರೆ ಕೂಲಿ ನಿಲ್ಲುತ್ತದೆ, ಮುಂಗಡದ ಹೆಸರು ಪುಸ್ತಕದಲ್ಲೇ ಉಳಿಯುತ್ತದೆ.

1878. ಅರಣ್ಯ ಕಾಯ್ದೆ, ಶಸ್ತ್ರ ಕಾಯ್ದೆ ಎರಡೂ ಬಂದ ವರ್ಷ. ಉಳಿದ ಒಂದು ಕಾಡು ಮೀಸಲು. ಕುಡಿಯರು ಅಲ್ಲಿ ಕಾಲಿಡಲು ಪ್ರತಿ ಸುತ್ತಿಗೂ ಅರ್ಜಿ ಹಾಕಬೇಕು. ಕೋವಿಯ ಚೀಟಿ ಇರುವ ಮನೆಗೆ ಮಾತ್ರ ಲೈಸೆನ್ಸ್ ಬೇಡ. ದೇವರಕಾಡಿನ ಚೌಕದ ಅಂಚಿನಲ್ಲಿ ಯಾರಾದರೂ ಒಂದು ರೂಪಾಯಿ ಕೊಟ್ಟು ಕಾಫಿ ಇಡಲು ದಫ್ತರ ಒಪ್ಪುತ್ತದೆ. ಯಾರು ಇಡುತ್ತಾರೆಂದು ಕಾದು ನೋಡಿ. ಇಡುವವರು ದೊರೆಗಳೇ ಆಗಿರಬೇಕಾಗಿಲ್ಲ.

ದಫ್ತರದ ಪಾತ್ರ ವಹಿಸುವವರಿಗೆ

ಇದು ಆಟದಲ್ಲೇ ಕಷ್ಟದ ಪಾತ್ರ, ಅನುಭವ ಇದ್ದವರಿಗೆ ಕೊಡಿ. ಸಿನಿಮಾದ ಖಳನಂತೆ ಮೀಸೆ ತಿರುವಿದರೆ ಎಲ್ಲ ಹಾಳು. ಎದುರಿಗೆ ದುಷ್ಟನಿದ್ದಾನೆಂದ ಕೂಡಲೇ ಐದು ಮನೆಗಳೂ ಒಂದಾಗುತ್ತವೆ, ತಮ್ಮತಮ್ಮೊಳಗಿನ ಗದ್ದೆ-ಕೂಲಿ ಲೆಕ್ಕ ಮರೆಯುತ್ತವೆ. ಆದ್ದರಿಂದ ಮೂರು ಕಟ್ಟುಪಾಡು: ದನಿ ಏರಿಸಕೂಡದು, ಪ್ರತಿ ನಿಯಮಕ್ಕೂ ನ್ಯಾಯವೆನ್ನಿಸುವ ಒಂದು ಕಾರಣ ಹೇಳಬೇಕು, ಬರೆದ ನಿಯಮವನ್ನು ತಾವೂ ಮುರಿಯಕೂಡದು. ಅರ್ಜಿ ಬಂದರೆ ತೆಗೆದುಕೊಳ್ಳಿ. ಅರ್ಜಿಗೆ ಒಂದು ರೂಪಾಯಿ, ಬರಹದಲ್ಲೇ ಇರಬೇಕು, ಉತ್ತರ ಮುಂದಿನ ಸುತ್ತಿನಲ್ಲಿ.

ಮನೆಗಳ ನಡುವಿನ ಜಗಳ ಕಚೇರಿಗೆ ಬಂದರೆ ತಪ್ಪದೆ ತೀರ್ಪು ಕೊಡಿ, ನ್ಯಾಯವಾಗಿಯೇ ಕೊಡಿ. ಆದರೆ ತಂದವರಿಂದ ಒಂದು ಕವಡೆ ಪೆಟ್ಟಿಗೆಗೆ. ಪೆಟ್ಟಿಗೆಗೆ ಬಿದ್ದ ಕವಡೆ ಎಂದಿಗೂ ಹೊರಗೆ ಬರುವುದಿಲ್ಲ. ಆರನೇ ಸುತ್ತಿನ ಹೊತ್ತಿಗೆ ಹದಿನಾರು ಕವಡೆಯಲ್ಲಿ ನಾಲ್ಕೋ ಐದೋ ಮನೆಗಳಲ್ಲಿ ಉಳಿದರೆ ಆಟ ಸರಿಯಾಗಿ ನಡೆದಿದೆ ಎಂದರ್ಥ. ಹನ್ನೆರಡಕ್ಕಿಂತ ಹೆಚ್ಚು ಉಳಿದರೆ ದಫ್ತರದವರು ಜಗಳಗಳನ್ನು ಕಚೇರಿಗೆ ಕರೆಯುವಷ್ಟು ಮರ್ಯಾದೆಯಿಂದ ನಡೆದುಕೊಂಡಿಲ್ಲ.

ಎಲ್ಲಿ ಕೆಡುತ್ತದೆ

ಎರಡನೇ ಸುತ್ತಿನಲ್ಲೇ ಐದೂ ಮನೆ ದಂಗೆ ಏಳುವುದು ತೀರಾ ಸಾಮಾನ್ಯ. ತಡೆಯಬೇಡಿ. ಗೆದ್ದರೂ ನಿಯಮ ಒಂದೇ ಸುತ್ತು ನಿಲ್ಲುತ್ತದೆ, ಕವಡೆ ಖರ್ಚಾಗಿರುತ್ತದೆ, ಕಾಫಿ ಬರುವ ಹೊತ್ತಿಗೆ ನೆರವು ಕೇಳಲು ಕೈ ಖಾಲಿ.

ಮೊದಲ ಮೂರು ಸುತ್ತಿನಲ್ಲಿ ಕೆಂಬಟ್ಟಿ ಮನೆಯವರಿಗೆ ಮಾಡಲು ಏನೂ ಇಲ್ಲದೆ ಬೇಸರವಾಗುವುದುಂಟು. ಅವರಿಗೆ ಒಂದು ವಿಶೇಷ ಹಕ್ಕು ಕೊಡಿ: ಯಾರ ದೃಶ್ಯವಾದರೂ ಅವರು ಅಲ್ಲೇ ಅಂಗಳದಲ್ಲಿ ಇರುತ್ತಾರೆ, ದಫ್ತರದ ಗುಟ್ಟಿನ ಚೀಟಿಯನ್ನೂ ಕೇಳಿಸಿಕೊಂಡಿರುತ್ತಾರೆ. ಅದನ್ನು ಯಾರಿಗೆ ಹೇಳುವುದು, ಹೇಳದಿರುವುದು ಅವರಿಷ್ಟ. ಇದರಿಂದ ಆಟದ ಅತ್ಯಂತ ಬಲದ ಪಾತ್ರಗಳಲ್ಲಿ ಅದು ಒಂದಾಗುತ್ತದೆ.

ಜಮ್ಮಾ ಒಕ್ಕ ನಡೆಸುವವರು ಐದನೇ ಸುತ್ತಿನ ಹೊತ್ತಿಗೆ ಮುದುಡಿಕೊಳ್ಳುತ್ತಾರೆ, ಇಲ್ಲವೇ ‘ನಾವೇನು ತಪ್ಪು ಮಾಡಿದ್ದೇವೆ’ ಎಂದು ವಾದಕ್ಕೆ ಇಳಿಯುತ್ತಾರೆ. ಆಗ ಆಟ ನಿಲ್ಲಿಸಿ ಸಮಜಾಯಿಷಿ ಕೊಡುವ ಬದಲು ಒಂದು ದೃಶ್ಯ ಕೇಳಿ: ಸುಗ್ಗಿಯ ಹಬ್ಬವಾದ ಪುತ್ತರಿಯ ದಿನ, ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆ), ಎಸ್ಟೇಟಿಗೆ ಹೋದ ಕೆಂಬಟ್ಟಿ ಮನೆಯ ಜಾಗ ಖಾಲಿ. ವಾದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಚಿಕ್ಕವೀರರಾಜೇಂದ್ರ ಕ್ರೂರಿಯೋ, ಕಂಪನಿಯವರು ಹಾಗೆ ಚಿತ್ರಿಸಿದರೋ ಎಂಬ ಚರ್ಚೆ ಬಂದೇ ಬರುತ್ತದೆ. ಟಿಪ್ಪುವಿನ ಹೆಸರೂ ಬರುತ್ತದೆ. ಎರಡೂ ಗಂಟೆಗಟ್ಟಲೆ ಎಳೆಯುವ ಮಾತು. ಆಟ ರಾಜ ಹೋದ ಮರುದಿನದಿಂದ ಶುರು ಎಂದು ಮೊದಲೇ ಹೇಳಿಬಿಡಿ.

ಕೆಂಪು ಕಾರ್ಡನ್ನು ಮೇಜಿನ ನಡುವೆ ಇಡಿ. ಯಾರು ಮುಟ್ಟಿದರೂ ಆ ದೃಶ್ಯ ಅಲ್ಲೇ ಕತ್ತರಿಸಬೇಕು, ಕಾರಣ ಕೇಳಕೂಡದು. ಜಾತಿ ಬೈಗುಳ, ಲೈಂಗಿಕ ಹಿಂಸೆ, ಮಕ್ಕಳಿಗೆ ಹೊಡೆತ ಈ ಮೂರೂ ಪಾತ್ರದ ನೆಪದಲ್ಲೂ ಬರಕೂಡದೆಂದು ತಯಾರಿಯ ಹೊತ್ತಿನಲ್ಲೇ ಎಲ್ಲರೂ ಒಪ್ಪಲಿ. ಕೆಂಬಟ್ಟಿಯವರ, ಕುಡಿಯರ ಮಾತಿನ ಧಾಟಿಯನ್ನು ಅಣಕಿಸಿ ನಗಿಸುವವರು ಇದ್ದೇ ಇರುತ್ತಾರೆ; ಒಮ್ಮೆ ಹೇಳಿ ನೋಡಿ, ಮತ್ತೆ ಮಾಡಿದರೆ ಪಾತ್ರ ಬದಲಿಸಿ.

ಮುಗಿಸುವಾಗ

ಗೆದ್ದವರು ಯಾರೆಂದು ಎಣಿಸಬೇಡಿ. ಬೀಜ, ರೂಪಾಯಿ, ಕವಡೆಗಳ ಮೂರು ಲೆಕ್ಕವನ್ನು ಪ್ರತಿ ಮನೆಯೂ ಬೇರೆಬೇರೆಯಾಗಿ ಗಟ್ಟಿಯಾಗಿ ಓದಲಿ. ಅನಂತರ ಪುಸ್ತಕವನ್ನು ಕೂಲಿಯ ಮನೆಯವರ ಕೈಗೆ ಕೊಟ್ಟು ಮೊದಲ ನಿಯಮದಿಂದ ಕೊನೆಯವರೆಗೆ ಓದಿಸಿ. ಪಾತ್ರದಿಂದ ಹೊರಬರಲು ಪ್ರತಿಯೊಬ್ಬರೂ ತಮ್ಮ ನಿಜ ಹೆಸರು ಹೇಳಿ, ಆಡುವಾಗ ಮುಜುಗರವಾದ ಒಂದು ಘಳಿಗೆ ಯಾವುದೆಂದು ಹೇಳಲಿ. ದಫ್ತರದವರು ಕೊನೆಗೆ ಮಾತಾಡಲಿ. ಕಾಫಿ, ತಿಂಡಿ ಇದಾದ ಮೇಲೆ. ಮೊದಲೇ ಇಟ್ಟರೆ ಮಾತು ಚದುರುತ್ತದೆ.

ಎರಡನೇ ಸಲ ಆಡುವವರು ನಾಡನ್ನು ದಕ್ಷಿಣಕ್ಕೆ, ಸಿದ್ದಾಪುರದಿಂದ ನಾಗರಹೊಳೆಯ ಕಡೆಗೆ ಒಯ್ಯಬಹುದು. ಆಗ ಕೆಂಬಟ್ಟಿ ಮನೆಯ ಬದಲು ಯರವರು, ಕುಡಿಯರ ಬದಲು ಜೇನುಕುರುಬರು. ಘಟ್ಟದ ಗೆರೆ ಇಲ್ಲಿ ಬೇಡ, ಗೌಡರ ಮನೆಯನ್ನು ಸಾಗು ಹಿಡುವಳಿಯ ಸಾಮಾನ್ಯ ರೈತರನ್ನಾಗಿ ಮಾಡಿ. ನಗದು ತೆರಿಗೆಯ ಒತ್ತಡ ಇಲ್ಲದ್ದರಿಂದ ಎರಡನೇ ಸುತ್ತು ಸಪ್ಪೆಯಾಗುತ್ತದೆ. ಅದನ್ನು ಕೈಬಿಟ್ಟು ಐದೇ ಸುತ್ತು ಆಡಿ, ಮಿಕ್ಕ ಅರ್ಧ ಗಂಟೆಯನ್ನು ಕಾಫಿ ಬಂದ ಸುತ್ತಿಗೆ ಸೇರಿಸಿ. ಕಾಡಿನ ಚೌಕ ಮೂರರ ಬದಲು ಐದು ಇಡಿ. ಎಸ್ಟೇಟಿಗೆ ಮೂರು ಹೋಗಲಿ, ಕೊನೆಯ ಸುತ್ತಿನಲ್ಲಿ ಮಿಕ್ಕ ಎರಡೂ ಒಟ್ಟಿಗೇ ಮೀಸಲಾಗಲಿ.